ಪಡುಮನೆಯ ಎಡದ ಕೋಣ

೧೯೬೧ನೇ ಇಸವಿ ಡಿಸೆಂಬರ್ ೧೨, ಮಂಗಳವಾರ ಬೆಳಿಗ್ಗೆ ಮೂಡುಬಿದಿರೆ ಪೊಲೀಸ್ ಠಾಣೆಯ ಮುಂದೆ ಬಾಡಿಗೆ ಕಾರೊಂದು ಬಂದು ನಿಂತಿತು. ಇಳಿದವರು ಬೆಳುವಾಯಿಯ ದೊಡ್ಡ ಮನೆತನ ಪಡುಮನೆ ಗುತ್ತಿನ ಯಜಮಾನ ಮುಂಡಪ್ಪ ಶೆಟ್ಟರು. ಅವರು ತಾವಾಗಿ ಠಾಣೆಯ ಮೆಟ್ಟಿಲು ಹತ್ತಿದ್ದನ್ನು ಹೆಡ್ ಕಾನ್‌ಸ್ಟೇಬಲ್ ಇಬ್ರಾಹಿಂ ಖಲೀಲ್ ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

"ಚೆನ್ನ ಹಟ್ಟಿಯಲ್ಲಿ ಇಲ್ಲ," ಎಂದರು ಶೆಟ್ಟರು.

ಚೆನ್ನ ಯಾರೆಂದು ಯಾರೂ ಕೇಳಲಿಲ್ಲ. ಆ ಸೀಮೆಯಲ್ಲಿ ಕಲೆಕ್ಟರ ಹೆಸರು ಗೊತ್ತಿಲ್ಲದವರು ಬೇಕಷ್ಟು ಇದ್ದರು. ಪಡುಮನೆಯ ಕಂಬಳದ ಕೋಣಗಳ ಹೆಸರು ಗೊತ್ತಿಲ್ಲದವರಿರಲಿಲ್ಲ. ಎಡಕ್ಕೆ ಚೆನ್ನ, ಬಲಕ್ಕೆ ಬೊಳ್ಳ. ಕರುವಿನಿಂದ ಒಟ್ಟಿಗೆ ಬೆಳೆದ ಜೋಡಿ. ಒಂದು ಇಲ್ಲದೆ ಇನ್ನೊಂದು ನೊಗಕ್ಕೆ ಕುತ್ತಿಗೆ ಕೊಡುತ್ತಿರಲಿಲ್ಲ. ಬರುವ ಶನಿವಾರ ಬೆಳುವಾಯಿಯ ದೇವರ ಗದ್ದೆಯಲ್ಲಿ ಕಂಬಳ. ಅಲ್ಲಿ ಮೊದಲು ಇಳಿಯಬೇಕಾದದ್ದು ಪಡುಮನೆಯ ಜೋಡಿ, ಹಿಡಿದು ಓಡಿಸಬೇಕಾದವನು ಆ ಮನೆಯ ಅಳಿಯ, ಎಂದರೆ ಯಜಮಾನರ ತಂಗಿಯ ಮಗ. ಅದು ಹಿಂದಿನಿಂದ ನಡೆದು ಬಂದ ಕಟ್ಟು.

ಸಬ್‌ಇನ್‌ಸ್ಪೆಕ್ಟರ್ ಕಮಲಾಕ್ಷ ಕುರ್ಚಿ ಎಳೆದು ಕೊಟ್ಟರು. "ಯಾರ ಮೇಲಾದರೂ ಸಂಶಯ ಉಂಟಾ?"

"ಸಂಶಯ ಎಂತದು? ಬಿ.ಸಿ.ರೋಡಿನ ದಲ್ಲಾಳಿ ಮೊಯಿದಿನಬ್ಬ. ಹೋದ ವಾರ ಚೆನ್ನನನ್ನು ಕೇಳಿಕೊಂಡು ಬಂದಿದ್ದ. ಕೊಡುವುದಿಲ್ಲ ಅಂದೆ. ಒಂದು ದಿನ ಈ ಕೋಣ ನಿಮ್ಮ ಹಟ್ಟಿಯಲ್ಲಿ ಇರುವುದಿಲ್ಲ ಧನಿಗಳೇ, ಅಂತ ಹೇಳಿ ಹೋದ."

ಫಿರ್ಯಾದು ಬರೆದುಕೊಳ್ಳುತ್ತಿದ್ದ ಇಬ್ರಾಹಿಮನ ಪೆನ್ನು ಆ ಹೆಸರಿನ ಹತ್ತಿರ ಒಂದು ಗಳಿಗೆ ನಿಂತಿತು. ಮೊಯಿದಿನಬ್ಬ ಅವನಿಗೆ ಚಿಕ್ಕಂದಿನಿಂದ ಗೊತ್ತಿದ್ದ ಮನುಷ್ಯ. ಒಂದೇ ಮಸೀದಿಯವರು. ಗೊತ್ತಿದ್ದದ್ದೇ ಈಗ ಕುತ್ತಾಯಿತು. ಅವನ ಪರ ಒಂದು ಮಾತಾಡಿದರೆ 'ತಮ್ಮವನನ್ನು ಬಚಾವು ಮಾಡುತ್ತಾನೆ' ಎನ್ನುತ್ತಾರೆ, ಆಡದಿದ್ದರೆ ತನ್ನ ಮನಸ್ಸು ಬಿಡುವುದಿಲ್ಲ. ಭಾರತ ದಂಡ ಸಂಹಿತೆ ೩೭೯ನೇ ಕಲಮಿನಡಿ ಎಫ್.ಐ.ಆರ್. ದಾಖಲಾಯಿತು.

ಮಧ್ಯಾಹ್ನದೊಳಗೆ ಪಡುಮನೆಯಲ್ಲಿ ಪಂಚನಾಮೆ ನಡೆಯಿತು. ಹಟ್ಟಿಯ ಬಾಗಿಲು ಮುರಿದಿರಲಿಲ್ಲ. ಚೆನ್ನನ ಹಗ್ಗವನ್ನು ಯಾರೂ ಕತ್ತರಿಸಿರಲಿಲ್ಲ, ಗಂಟು ಬಿಚ್ಚಿದ್ದರು. ಬೊಳ್ಳ ಪೊಲೀಸರನ್ನು ಕಂಡು ಮೂಗರಳಿಸಿ ಗೋಡೆಗೆ ಹಾಯ್ದ. ಕಾನ್‌ಸ್ಟೇಬಲ್ ನೋಣಯ್ಯ ಒಂದೇ ನೆಗೆತಕ್ಕೆ ಅಂಗಳದಲ್ಲಿದ್ದ.

"ಇಂಥ ಪ್ರಾಣಿಯ ಹಗ್ಗ ಬಿಚ್ಚಿ ಕೊಂಡುಹೋಗಬೇಕಾದರೆ ಕೋಣದ ಕೆಲಸ ಗೊತ್ತಿದ್ದವನೇ ಆಗಬೇಕು," ಎಂದರು ಕಮಲಾಕ್ಷ. "ದಲ್ಲಾಳಿಗೆ ಸರಿ ಹೊಂದುತ್ತದೆ."

ಮನೆಯವರ ಹೇಳಿಕೆ ಪಡೆದರು. ಶೆಟ್ಟರ ತಂಗಿ ಸೇಸಮ್ಮ, ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವವರು, ತಲೆ ಎತ್ತದೆ ಉತ್ತರ ಕೊಟ್ಟರು.

"ಸದ್ದು ಕೇಳಿಸಿತಾ?"

"ಇಲ್ಲ."

"ಹೊರಗಿನವರು ಯಾರಾದರೂ ಬಂದಿದ್ದರಾ?"

"ನಾನು ನೋಡಲಿಲ್ಲ."

ಅವರ ಮಗ ಭೋಜ ಕಂಬಕ್ಕೆ ಒರಗಿ ನಿಂತಿದ್ದ. ಶನಿವಾರ ಓಡಿಸಬೇಕಾದವನು ಅವನೇ. "ಆ ಬ್ಯಾರಿಯನ್ನು ನನ್ನ ಕೈಗೆ ಕೊಡಿ, ಸಂಜೆಯೊಳಗೆ ಕೋಣ ಬರ್ತದೆ," ಎಂದ. ತಾನೂ ಬ್ಯಾರಿ ಮುಸ್ಲಿಮನೇ ಆದ ಇಬ್ರಾಹಿಂ ಕೇಳಿಸದವನಂತೆ ಹಗ್ಗಕ್ಕೆ ಚೀಟಿ ಕಟ್ಟಿದ.

ಮೊಯಿದಿನಬ್ಬನನ್ನು ಅಂದೇ ಕರೆತಂದು ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

"ಸೋಮವಾರ ರಾತ್ರಿ ಎಲ್ಲಿದ್ದೆ?" ಕಮಲಾಕ್ಷ ಕೇಳಿದರು.

"ಮನೆಯಲ್ಲಿ ಸಾರ್."

"ನೋಡಿದವರು?"

"ಮನೆಯವರು."

"ಶೆಟ್ಟರಿಗೆ ಯಾಕೆ ಹಾಗೆ ಹೇಳಿದೆ?"

"ಕೋಣಕ್ಕೆ ವಯಸ್ಸಾಗ್ತದೆ ಸಾರ್, ಆಮೇಲೆ ಯಾರೂ ಕೇಳುವುದಿಲ್ಲ ಅಂತ. ವ್ಯಾಪಾರದ ಮಾತು ಅದು."

ಸಾಹೇಬರು ಹೊರಗೆ ಹೋದ ಮೇಲೆ ಇಬ್ರಾಹಿಂ ಚಹಾ ತಂದುಕೊಟ್ಟ. ಮೊಯಿದಿನಬ್ಬ ಲೋಟ ಮುಟ್ಟಲಿಲ್ಲ. "ಇಬ್ರಾಹಿಂ, ಜನ ನನ್ನ ಮಾತಿನ ಮೇಲೆ ಕೋಣದ ಹಗ್ಗ ಕೈಗೆ ಕೊಡ್ತಾರೆ. ಕಾಗದ ಇಲ್ಲ, ಪತ್ರ ಇಲ್ಲ. ಕಳ್ಳ ಅಂತ ಒಂದು ಸಲ ಹೆಸರು ಬಂದರೆ ಮತ್ತೆ ಒಬ್ಬನೂ ಕೊಡುವುದಿಲ್ಲ. ನನಗೆ ಬೇರೆ ಎಂತ ಕೆಲಸ ಗೊತ್ತುಂಟು?"

"ಗೊತ್ತುಂಟು ಕಾಕ," ಎಂದ ಇಬ್ರಾಹಿಂ. ಅದಕ್ಕಿಂತ ಹೆಚ್ಚಿಗೆ ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಬುಧವಾರ ಬಂಟ್ವಾಳದ ಬಸ್ಸಿನಲ್ಲಿ ಹೊರಟ ಸುದ್ದಿ ಮೂಡುಬಿದಿರೆ ತಲುಪುವಾಗ, ದೇವರ ಗದ್ದೆಯ ಕೋಣವನ್ನು ಕಡಿದು ಮಾರಿಯಾಯಿತು ಎಂಬಲ್ಲಿಗೆ ಬಂದಿತ್ತು. ಮೊಯಿದಿನಬ್ಬನ ಮನೆಯ ಮಾಡಿನ ಹಂಚಿಗೆ ಕಲ್ಲು ಬಿತ್ತು. ಕಂಬಳದಲ್ಲಿ ಬ್ಯಾರಿಗಳ ಅಂಗಡಿ ಒಂದೂ ನಿಲ್ಲಕೂಡದು ಎಂದು ಬೆಳುವಾಯಿಯಲ್ಲಿ ಕೆಲವರು ದೊಣ್ಣೆ ಕಡಿದಿಟ್ಟಿದ್ದರು. ಮಂಗಳೂರಿನಿಂದ ಹೆಚ್ಚು ಪೊಲೀಸರನ್ನು ಕೇಳಿದರೆ ಸದ್ಯ ಇಲ್ಲ ಎಂಬ ಜವಾಬು ಬಂತು.

"ಶುಕ್ರವಾರ ಸಂಜೆಯವರೆಗೆ ನೋಡುತ್ತೇನೆ," ಎಂದರು ಕಮಲಾಕ್ಷ. "ಕೋಣ ಸಿಗದಿದ್ದರೆ ಇವನ ಅರೆಸ್ಟ್ ತೋರಿಸಬೇಕು ಇಬ್ರಾಹಿಂ. ಇಲ್ಲದಿದ್ದರೆ ಶನಿವಾರ ಆ ಗದ್ದೆಯಲ್ಲಿ ಹೆಣ ಬೀಳುತ್ತದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಬ್ರಾಹಿಂ ಅಂದೇ ಹುಡುಕಲು ಹೊರಟ. ಬೆಳ್ತಂಗಡಿ ಸಂತೆ ನೋಡಿ ಬಂದ, ಚಾರ್ಮಾಡಿಯಲ್ಲಿ ಘಾಟಿ ಹತ್ತುವ ಲಾರಿಗಳನ್ನು ವಿಚಾರಿಸಿದ. ಅಂಥ ಕೋಣವನ್ನು ಯಾರೂ ಕಂಡಿರಲಿಲ್ಲ. ಕಂಡಿದ್ದರೆ ಮರೆಯುವ ಹಾಗೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಅವನು ನೋಣಯ್ಯನೊಂದಿಗೆ ಮತ್ತೆ ಪಡುಮನೆಗೆ ಹೋದ. ಮುಂಡಪ್ಪ ಶೆಟ್ಟರು ಹಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. "ಬೊಳ್ಳ ಒಂದು ಹಿಡಿ ಹುರುಳಿ ಮುಟ್ಟಿಲ್ಲ ಮಾರಾಯ. ಜೊತೆ ಹೋದಂದಿನಿಂದ ಬಾಯಿ ಕಟ್ಟಿದೆ," ಎಂದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ನೀರು ಕುಡಿಯಲೆಂದು ಇಬ್ರಾಹಿಂ ಹಿತ್ತಿಲಿಗೆ ಹೋದ. ಅಲ್ಲಿ ಒಲೆಯ ಮೇಲೆ ದೊಡ್ಡ ಹಂಡೆಯ ತುಂಬ ಹುರುಳಿ ಕುದಿಯುತ್ತಿತ್ತು.

"ಇಷ್ಟು ಯಾರಿಗೆ ಅಕ್ಕಾ?"

"ಕೋಣಕ್ಕೆ," ಎಂದರು ಸೇಸಮ್ಮ.

"ಅದು ತಿನ್ನುವುದಿಲ್ಲವಂತಲ್ಲ?"

"ಇವತ್ತು ತಿಂದರೂ ತಿನ್ನಬಹುದು."

"ನಿನ್ನೆ ಬೇಯಿಸಿದ್ದು?"

"ದನಕ್ಕೆ ಹಾಕಿದೆ."

ಇಬ್ರಾಹಿಂ ನೀರು ಕುಡಿದು ಬಂದ. ಸೈಕಲ್ಲು ಹತ್ತಿ ಗುಡ್ಡದ ಇಳಿಜಾರಿನವರೆಗೆ ಬಂದವನು ತಟ್ಟನೆ ಕಾಲು ಊರಿದ. ಪಡುಮನೆಯ ಹಟ್ಟಿಯಲ್ಲಿ ಇದ್ದದ್ದು ಕರು ಹಾಕಿದ ಹಸು ಒಂದೇ. ಆ ಹಂಡೆಯ ಹುರುಳಿ ತಿಂದಿದ್ದರೆ ಹೊಟ್ಟೆ ಉಬ್ಬಿ ಅದು ಅಂದೇ ಸಾಯುತ್ತಿತ್ತು. ಹಾಗಾದರೆ ದಿನಾ ಎರಡು ಕೋಣಗಳ ಹುರುಳಿ ತಿನ್ನುತ್ತಿರುವುದು ಯಾರು?

ಹೊಳೆದ ಕೂಡಲೇ ಅವನಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಗುತ್ತಿನ ಹೆಂಗಸಿನ ಮೇಲೆ ಒಬ್ಬ ಬ್ಯಾರಿ ಪೊಲೀಸು ಬೊಟ್ಟು ತೋರಿಸಿ, ಅದು ಸುಳ್ಳಾಗಿಬಿಟ್ಟರೆ? ನೌಕರಿ ಹೋಗುವುದಿರಲಿ, ಮೊಯಿದಿನಬ್ಬನ ಕತೆ ಅಲ್ಲಿಗೇ ಮುಗಿಯಿತು. ಸಾಹೇಬರಿಗೆ ಮಾತ್ರ ಹೇಳಿದ. ಅವರು, "ಕಣ್ಣಾರೆ ನೋಡದೆ ಬಾಯಿ ಬಿಡಬೇಡ," ಎಂದರು.

ಡಿಸೆಂಬರ್ ೧೫, ಶುಕ್ರವಾರ. ಬೆಳಕು ಹರಿಯುತ್ತಿದ್ದಂತೆ ಸೇಸಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಯ ಹಿಂದಿನ ಗುಡ್ಡ ಹತ್ತಿದರು. ಬುಟ್ಟಿಯ ಮೇಲೆ ಸೊಪ್ಪು ಹರಡಿತ್ತು. ಸೊಪ್ಪು ತರಲು ಹೋಗುವವರು ಸೊಪ್ಪು ಹೊತ್ತುಕೊಂಡು ಹೋಗುತ್ತಾರೆಯೇ ಎಂದು ಮರೆಯಲ್ಲಿ ಕಾದಿದ್ದ ನೋಣಯ್ಯ ಇಬ್ರಾಹಿಮನ ಕಿವಿಯಲ್ಲಿ ಪಿಸುಗುಟ್ಟಿದ. ಇಬ್ಬರೂ ದೂರದಿಂದ ಹಿಂಬಾಲಿಸಿದರು.

ಗುಡ್ಡದ ಆಚೆ ಯಾರೂ ಹೋಗದ ಕೆಂಪುಕಲ್ಲು ಕಡಿದ ಹಳೆಯ ಕೋರೆಯೊಂದಿತ್ತು. ಅದರ ತಳದಲ್ಲಿ ಮಳೆಗಾಲದ ನೀರು ಇನ್ನೂ ನಿಂತಿತ್ತು. ನೀರಿನಿಂದ ಚೆನ್ನ ಎದ್ದು ಬಂದ, ಎಣ್ಣೆ ತಿಂದ ಮೈ ಹಾಗೇ ಹೊಳೆಯುತ್ತಿತ್ತು. ಸೇಸಮ್ಮ ಬುಟ್ಟಿ ಇಳಿಸಿ ಅದರ ಹಣೆ ತಿಕ್ಕತೊಡಗಿದರು.

"ಅಕ್ಕಾ," ಎಂದ ಇಬ್ರಾಹಿಂ.

ಅವರು ಬೆಚ್ಚಿದರು, ಆದರೆ ತಿರುಗಲಿಲ್ಲ. "ಅದು ತಿಂದು ಮುಗಿಸಲಿ. ಅರ್ಧಕ್ಕೆ ಎಬ್ಬಿಸಿದರೆ ಹಾಯ್ತದೆ."

ಪೊಲೀಸರಿಬ್ಬರೂ ಕಾದರು.

"ಯಾಕೆ ಹೀಗೆ ಮಾಡಿದ್ರಿ?"

"ಹೋದ ವರ್ಷ ಓಟ ಮುಗಿಸಿ ಭೋಜ ಬಿದ್ದನಲ್ಲ, ಎಲ್ಲರೂ ಬಿಸಿಲು ಅಂದರು. ನಾನು ಮಂಗಳೂರಿಗೆ ಕರಕೊಂಡು ಹೋದೆ. ಹೃದಯದ ಕಾಯಿಲೆ ಉಂಟು, ಇನ್ನೊಂದು ಸಲ ಹೀಗೆ ಓಡಿದರೆ ಗದ್ದೆಯಿಂದ ಎತ್ತಿಕೊಂಡೇ ಬರಬೇಕಾದೀತು ಅಂದರು ಡಾಕ್ಟರು."

"ಧನಿಗಳಿಗೆ ಹೇಳಲಿಲ್ವಾ?"

"ಹೇಳಿದೆ. ದೈವ ನೋಡಿಕೊಳ್ತದೆ ಅಂದ ಅಣ್ಣ. ಮಗನಿಗೆ ಹೇಳಿದೆ. ಸೀರೆ ಉಟ್ಟುಕೊಂಡು ಮನೆಯಲ್ಲಿ ಕೂತುಕೊಳ್ಳಬೇಕಾ ಅಂದ. ಮತ್ತೆ ಉಳಿದದ್ದು ಕೋಣ. ಅದು ನನ್ನ ಮಾತು ಕೇಳ್ತದೆ."

ಇಬ್ರಾಹಿಮನ ಸಿಟ್ಟು ಅಲ್ಲಿಯೇ ಅರ್ಧ ಇಳಿಯಿತು. ಉಳಿದರ್ಧ ಇಳಿಯಲಿಲ್ಲ. "ಮೊಯಿದಿನಬ್ಬ ಮಂಗಳವಾರದಿಂದ ಠಾಣೆಯ ಬೆಂಚಿನಲ್ಲಿದ್ದಾನೆ. ಅವನ ಮನೆಗೆ ಕಲ್ಲು ಬಿತ್ತು. ಈ ಕೋಣ ಹಸಿದುಕೊಂಡಿರಬಾರದು ಅಂತ ನೆನಪಾಯ್ತಲ್ಲ ನಿಮಗೆ, ಅವನ ನೆನಪಾಗಲಿಲ್ವಾ?"

"ಆಯ್ತು. ದಿನಾ ಆಯ್ತು," ಎಂದರು ಸೇಸಮ್ಮ. "ಆಗುವಾಗೆಲ್ಲ ಮಗನ ಮುಖ ನೆನೆದುಕೊಂಡೆ. ಶನಿವಾರ ಒಂದು ಕಳೆದರೆ ನಾನೇ ಬಿಟ್ಟುಬಿಡುತ್ತಿದ್ದೆ."

ಕೋಣ ಸೇಸಮ್ಮನ ಹಿಂದೆಯೇ ಮನೆಗೆ ನಡೆದು ಬಂತು. ಅಷ್ಟರಲ್ಲಿ ಕಮಲಾಕ್ಷರೂ ಕಾರಿನಲ್ಲಿ ತಲುಪಿದ್ದರು. ಅಂಗಳದಲ್ಲಿ ಊರೇ ನೆರೆದಿತ್ತು. ಮುಂಡಪ್ಪ ಶೆಟ್ಟರು ಚೆನ್ನನ ಕುತ್ತಿಗೆ ತಬ್ಬಿಕೊಂಡರು, ಆಮೇಲೆ ವಿಷಯ ತಿಳಿದು ತಂಗಿಯ ಮುಖ ನೋಡಿದರು, ಆಮೇಲೆ ಸಾಹೇಬರನ್ನು ಪಕ್ಕಕ್ಕೆ ಕರೆದರು.

"ಕೋಣ ತಪ್ಪಿಸಿಕೊಂಡಿತ್ತು, ಸಿಕ್ಕಿತು ಅಂತ ಬರೆದು ಮುಗಿಸಿ ಸ್ವಾಮಿ. ಮನೆಯ ಹೆಂಗಸು ಪೊಲೀಸರ ವಶದಲ್ಲಿರುವಾಗ ಪಡುಮನೆಯ ನೊಗ ಗದ್ದೆಗೆ ಇಳಿಯುವ ಹಾಗಿಲ್ಲ. ನಾಳೆ ಕಂಬಳ."

ಕಮಲಾಕ್ಷ ಮೀಸೆ ತೀಡಿಕೊಂಡರು. ಹಾಗೆ ಬರೆಯುವುದು ಅವರಿಗೂ ಸುಲಭವೇ ಇತ್ತು. ಇಬ್ರಾಹಿಂ ಅವರ ಹತ್ತಿರಕ್ಕೆ ಹೋದ. ಸಾಹೇಬರ ಮಾತಿಗೆ ಎದುರು ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ.

"ಸಾರ್, ಕೋಣ ತಾನಾಗಿ ಬಂತು ಅಂದರೆ ಊರವರು ಎಂತ ಹೇಳ್ತಾರೆ? ಕದ್ದವನು ಹೆದರಿ ಬಿಟ್ಟುಬಿಟ್ಟ ಅಂತಾರೆ. ಮೊಯಿದಿನಬ್ಬನಿಗೆ ಬಂದ ಹೆಸರು ಹೋಗಬೇಕಾದರೆ ಇನ್ನೊಂದು ಹೆಸರು ಬರೆಯಲೇಬೇಕು. ಧನಿಗಳೇ ಕೊಟ್ಟ ಫಿರ್ಯಾದು ಅದು. ಇಲ್ಲಿ ಹರಿದು ಬಿಸಾಡುವ ಹಾಗಿಲ್ಲ, ಕೋರ್ಟೇ ಬಿಡಬೇಕು."

"ಬಾಯಿ ಮುಚ್ಚು," ಎಂದರು ಶೆಟ್ಟರು.

ಆಗ ಸೇಸಮ್ಮ ಮುಂದೆ ಬಂದರು. ಅಣ್ಣನ ಮಾತು ಅವರ ಕಿವಿಗೆ ಬಿದ್ದಿತ್ತು. ನಾಲ್ಕು ದಿನದಲ್ಲಿ ಮೊದಲ ಸಲ ಅವರು ತಲೆ ಎತ್ತಿ ಮಾತಾಡಿದ್ದನ್ನು ಇಬ್ರಾಹಿಂ ಕಂಡ.

"ನನ್ನ ಹೆಸರು ಬರೆಯಿರಿ," ಎಂದರು. "ಎಲ್ಲರಿಗೂ ಕೇಳುವ ಹಾಗೆ ಓದಿ. ಮೊಯಿದಿನಬ್ಬ ಕದ್ದದ್ದಲ್ಲ, ನಾನು." ಸೆರಗು ಸರಿಮಾಡಿಕೊಂಡು ಯಾರೂ ಹೇಳುವ ಮೊದಲೇ ಕಾರಿನಲ್ಲಿ ಹೋಗಿ ಕೂತರು. ಇಬ್ರಾಹಿಂ ಬಾಗಿಲು ಹಾಕುವಾಗ ಮೆಲ್ಲಗೆ, "ನೊಗ ನಿಲ್ಲಿಸುವುದು ಇಷ್ಟು ಸುಲಭ ಉಂಟು ಅಂತ ಹೊಳೆದಿದ್ದರೆ ಸೋಮವಾರವೇ ಠಾಣೆಗೆ ಬರ್ತಿದ್ದೆ," ಎಂದರು.

ಅಂದೇ ಮಧ್ಯಾಹ್ನ ಕಾರ್ಕಳದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಮುಂಡಪ್ಪ ಶೆಟ್ಟರು ವಕೀಲರನ್ನು ಹಿಡಿದು ಜಾಮೀನಿಗೆ ಸಿದ್ಧರಾಗಿ ನಿಂತಿದ್ದರು. ಆರೋಪಿ ಕೈ ಮುಗಿದು, "ನನಗೆ ಈಗ ಜಾಮೀನು ಬೇಡ ಸ್ವಾಮಿ. ಸೋಮವಾರ ಕೊಟ್ಟರೆ ಸಾಕು," ಎಂದರು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಅವರನ್ನೊಮ್ಮೆ ನೋಡಿ, ಜಾಮೀನಿನ ಮಾತನ್ನು ಸೋಮವಾರಕ್ಕೆ ಮುಂದೂಡಿ, ಅಲ್ಲಿಯವರೆಗೆ ಕಾರ್ಕಳದ ಸಬ್‌ಜೈಲಿನಲ್ಲಿ ಇಡಲು ಹೇಳಿದರು.

ಮೊಯಿದಿನಬ್ಬನನ್ನು ಬಿಟ್ಟರು. ಕಾರಣ ಕೇಳಿ ಅವನು ಬಹಳ ಹೊತ್ತು ಠಾಣೆಯ ಮೆಟ್ಟಿಲಲ್ಲೇ ಕೂತ. "ಅವಳ ಮೇಲೆ ಕೋಪ ಮಾಡಬೇಕು ಅಂತ ಉಂಟು," ಎಂದ, "ಆಗುವುದಿಲ್ಲ. ಅದಕ್ಕೇ ಇನ್ನೂ ಕೋಪ ಬರ್ತದೆ." ಆಮೇಲೆ ಬಿ.ಸಿ.ರೋಡಿನ ಬಸ್ಸು ಹತ್ತಿದ.

ಶನಿವಾರ ದೇವರ ಗದ್ದೆಯಲ್ಲಿ ಇಬ್ರಾಹಿಮನಿಗೆ ಬಂದೋಬಸ್ತ್. ದೊಣ್ಣೆ ಹಿಡಿದವರು ಯಾರೂ ಬರಲಿಲ್ಲ, ಬ್ಯಾರಿಗಳ ಬತ್ತಾಸಿನ ಅಂಗಡಿಗಳ ಮುಂದೆ ಎಂದಿನಂತೆ ಜನ. ಪಡುಮನೆಯ ಜೋಡಿ ಇಳಿಯುವುದಿಲ್ಲವೆಂದು ಕೂಗಿ ಹೇಳಿದರು. ಡೋಲು ಬಡಿದು ಬೇರೆ ಮನೆಯ ಜೋಡಿಯನ್ನು ಇಳಿಸಿದರು. ಜನರ ನಡುವೆ ಇದ್ದ ಭೋಜ ಅವಮಾನ ತಾಳಲಾರದೆ ದುಡುದುಡು ಕಟ್ಟೆ ಹತ್ತಿ ಹೊರಟವನು, ನಾಲ್ಕು ಮಾರು ಹೋಗುವಷ್ಟರಲ್ಲಿ ನಿಂತುಬಿಟ್ಟ. ಒಂದು ಕೈ ಎದೆಯ ಮೇಲಿತ್ತು, ಬಾಯಿ ತೆರೆದಿತ್ತು, ತುಟಿ ನೀಲಿಯಾಗಿತ್ತು. ಇಬ್ರಾಹಿಂ ಓಡಿ ಹೋಗಿ ಅವನನ್ನು ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂರಿಸಿ ನೀರು ಕುಡಿಸಿದ.

ಕೆಳಗೆ ಕೋಣಗಳು ಕೆಸರು ಚಿಮ್ಮಿಸುತ್ತ ಓಡಿದವು. ಗದ್ದೆಯ ಆ ತುದಿಯಿಂದ ಈ ತುದಿಗೆ ಎಷ್ಟು ದೂರವಿದೆ ಎಂದು ಭೋಜ ಹೊಸದಾಗಿ ನೋಡುವವನಂತೆ ನೋಡಿದ. ಉಸಿರು ಮರಳಲು ಬಹಳ ಹೊತ್ತು ಹಿಡಿಯಿತು.

"ಕಾರ್ಕಳಕ್ಕೆ ಹೋಗ್ತೀರಾ?" ಎಂದು ಕೇಳಿದ.

"ಸಂಜೆ ಹೋಗ್ತೇನೆ."

"ಅಮ್ಮನಿಗೆ ಹೇಳಿ. ನಾನು ಕಟ್ಟೆಯಲ್ಲಿ ಕೂತಿದ್ದೆ ಅಂತ."