ತಾಳ ಹಾಕದ ಬಲಗಾಲು

ಆ ದಿನ ಎಕೋ ಮೇಡಂ ಬಲಗಾಲು ಸುಮ್ಮನಿತ್ತು.

ಕೋಣೆಯಲ್ಲಿ ಉಳಿದದ್ದೆಲ್ಲ ಎಂದಿನಂತೆಯೇ ಇತ್ತು. ಅದೇ ಮಬ್ಬು ಬೆಳಕು, ಎಡಮಗ್ಗುಲಾಗಿ ಮಲಗಿದ ಏಳು ವರ್ಷದ ಗುಬ್ಬಿ, ಅವಳ ಪುಟ್ಟ ಎದೆಯ ಮೇಲೆ ಬೆಚ್ಚಗಿನ ಜೆಲ್, ಸ್ಕ್ರೀನಿನ ಮೇಲೆ ಮಿಡಿಯುವ ಬೂದು ಬಣ್ಣದ ಹೃದಯ. ಎತ್ತರದ ಸ್ಟೂಲಿನ ಮೇಲೆ, ಹೃದಯದ ಸ್ಕ್ಯಾನ್ ಮಾಡುವ ಎಕೋ ಮೇಡಂ.

ಗೋಡೆಗೊರಗಿ ನಿಂತಿದ್ದ ಗುಬ್ಬಿಯ ಸೋದರಮಾವ ಮಾತ್ರ ಸ್ಕ್ರೀನ್ ನೋಡುತ್ತಿರಲಿಲ್ಲ. ಅವನು ಮಕ್ಕಳ ಶೂ ಹೊಲಿಯುವವನು. ಯಾರೇ ಎದುರಾಗಲಿ, ಮುಖಕ್ಕಿಂತ ಮೊದಲು ಅವನಿಗೆ ಪಾದ ಕಾಣುತ್ತದೆ. ನಾಲ್ಕು ವರ್ಷದ ಹಿಂದೆ ಈ ಕೋಣೆಗೆ ಮೊದಲ ಸಲ ಬಂದಾಗಲೂ ಅವನು ಕಂಡದ್ದು ಮೇಡಂ ತೊಟ್ಟಿದ್ದ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ. ಬಲಗಾಲಿನದು ಮಾತ್ರ ತುದಿಯಲ್ಲಿ ಸವೆದಿತ್ತು.

ಆಗ ಗುಬ್ಬಿಗೆ ಮೂರು ವರ್ಷ. ಐದು ದಿನ ಇಳಿಯದ ಜ್ವರ, ಕೆಂಡದಂಥ ಕಣ್ಣು, ಕೆಂಪಾದ ನಾಲಿಗೆ. ಆಮೇಲೆ ಬೆರಳ ತುದಿಗಳು ಈರುಳ್ಳಿಯ ಸಿಪ್ಪೆಯ ಹಾಗೆ ಸುಲಿದವು. ಕವಾಸಾಕಿ ಕಾಯಿಲೆ ಎಂದರು ಡಾಕ್ಟರು. ರಕ್ತನಾಳಗಳ ಉರಿಯೂತವಂತೆ. ಜ್ವರ ಹೋಯಿತು, ಆದರೆ ಹೃದಯಕ್ಕೇ ರಕ್ತ ಉಣಿಸುವ ಎಡ ನಾಳದಲ್ಲಿ ಒಂದು ಉಬ್ಬು ಉಳಿಯಿತು. ಎರಡು ಮಿಲಿಮೀಟರಿನ ಜಾಗದಲ್ಲಿ ಐದೂವರೆ.

ಅಂದಿನಿಂದ ಆರಾರು ತಿಂಗಳಿಗೊಮ್ಮೆ ಎಕೋ. ಗುಬ್ಬಿಯ ಅಮ್ಮನಿಗೆ ಆ ಕೋಣೆಯ ಬಾಗಿಲು ಕಂಡರೆ ಕೈಕಾಲು ಆಡುವುದಿಲ್ಲ. "ನನ್ ಕೈಲಾಗಲ್ಲ ಕಣೋ, ನೀನೇ ಹೋಗು," ಎಂದು ತಮ್ಮನನ್ನು ಒಳಗೆ ದಬ್ಬಿ ಹೊರಗೆ ಕೂರುತ್ತಾಳೆ.

ಹಾಗೆ ದಬ್ಬಿಸಿಕೊಂಡವನು ಒಂದು ಗುಟ್ಟು ಕಂಡುಹಿಡಿದಿದ್ದ.

ಎಕೋ ಮೇಡಂ ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ. ಫಲಿತಾಂಶ ಹೇಳಬೇಕಾದವರು ಡಾಕ್ಟರು. ಅದು ಆ ಕೋಣೆಯ ನಿಯಮ. ಆದರೆ ಅಳತೆ ಚೆನ್ನಾಗಿ ಬಂದ ಗಳಿಗೆಯಲ್ಲಿ, ಅವಳಿಗೇ ಗೊತ್ತಿಲ್ಲದೆ, ಬಲಗಾಲ ಹೆಬ್ಬೆರಳು ಸ್ಟೂಲಿನ ಕಂಬಿಯ ಮೇಲೆ ತಾಳ ಹಾಕುತ್ತಿತ್ತು. ಟಕ್ ಟಕ್ ಟಕ್. ಅದು ಕೇಳಿದ ಮೇಲೆ ಡಾಕ್ಟರ ಮಾತು ಅವನಿಗೆ ಬರೀ ಶಾಸ್ತ್ರ.

ಇಂದು ಆ ಶೂ ಹಿಮ್ಮಡಿಯನ್ನು ಕಂಬಿಗೆ ಸಿಕ್ಕಿಸಿಕೊಂಡು ಕಲ್ಲಿನಂತಿತ್ತು.

"ಆಮೇಲೆ ಏನಾಯ್ತು ಎಕೋ ಅಕ್ಕಾ?" ಗುಬ್ಬಿ ಪಿಸುಗುಟ್ಟಿದಳು.

ಮಕ್ಕಳು ಅಲುಗಾಡದಿರಲಿ ಎಂದು ಎಕೋ ಮೇಡಂ ಕಥೆ ಹೇಳುತ್ತಾಳೆ. ಅವಳ ಅಜ್ಜಿಯಿಂದ ಬಂದದ್ದು. ಅಜ್ಜಿ ಬೇಳೆ ಆರಿಸುತ್ತ ಹೇಳುತ್ತಿದ್ದರೆ ಇವಳು ಹೃದಯ ಅಳೆಯುತ್ತ.

"ಆಮೇಲೇನು. ಅರಮನೆ ಗೋಡೆಗೆ ಹಬ್ಬಿದ ಬಳ್ಳಿ ಗೊತ್ತಲ್ಲ, ನಿಂಬೆಹಣ್ಣು ನುಂಗಿದ ಹಾವಿನ ಥರ ಒಂದು ಕಡೆ ಊದ್ಕೊಂಡಿತ್ತು. ರಾಜ ಕತ್ತಿ ತಂದ. ಮಾಲಿ ಅಜ್ಜಿ ಅಂದ್ಲು, ಕಡೀಬೇಡಪ್ಪ, ತಾಳು. ದಿನಾ ಒಂದು ಹನಿ ಮದ್ದು ಹಾಕ್ತೀನಿ, ನೀನು ಆಗಾಗ ಬಂದು ನೋಡ್ಕೊಂಡು ಹೋಗು."

"ರಾಜ ಬಂದ್ನಾ?"

"ತಪ್ಪದೆ ಬಂದ. ನಿಮ್ಮ ಮಾವನ ಥರ." ಅವಳ ಕಣ್ಣು ಒಂದು ಕ್ಷಣ ಗೋಡೆಯ ಕಡೆ ಬಂದು, ಅವನ ಕಣ್ಣಿಗೆ ತಾಗಿ, ಬಿಸಿ ಪಾತ್ರೆ ಮುಟ್ಟಿದಂತೆ ಹಿಂದೆ ಸರಿಯಿತು.

ಬೇರೆ ದಿನವಾಗಿದ್ದರೆ ಆ ನೋಟವೊಂದೇ ಅವನಿಗೆ ಆರು ತಿಂಗಳಿಗೆ ಸಾಲುತ್ತಿತ್ತು. ಇಂದು ಅದೂ ಕನಿಕರದಂತೆ ಕಂಡಿತು.

ಶಾಲೆಯ ಓಟಕ್ಕೆ ಹದಿನೈದು ದಿನ ಉಳಿದಿತ್ತು. ಹೋದ ವಾರದ ಟ್ರೆಡ್‌ಮಿಲ್ ಪರೀಕ್ಷೆ ಚೆನ್ನಾಗಿಯೇ ಬಂದಿತ್ತು. "ಎಕೋ ಒಂದು ನೋಡೋಣ, ಓಡೋದು ಆಮೇಲೆ," ಎಂದಿದ್ದರು ಡಾಕ್ಟರು. ಮೈದಾನದ ಅಂಚಿನಲ್ಲಿ ನಿಂತು ಗೆಳತಿಯರ ನೀರಿನ ಬಾಟಲಿ ಕಾಯುವುದೇ ಇಷ್ಟು ದಿನ ಗುಬ್ಬಿಯ ಕೆಲಸ. ಅವನು ಒಂದು ಜೊತೆ ಕೆಂಪು ಶೂ ಹೊಲಿದು, ಡಬ್ಬದಲ್ಲಿಟ್ಟು, ಇಂದು ಜೊತೆಗೇ ತಂದಿದ್ದ.

"ಹೆಂಗಿದೆ ಮೇಡಂ?" ಜೆಲ್ ಒರೆಸುತ್ತಿದ್ದವಳನ್ನು ಕೇಳಿದ.

"ಡಾಕ್ಟರ್ ಹೇಳ್ತಾರೆ ಗುಬ್ಬಿ ಮಾವ."

ಕಾರಿಡಾರಿಗೆ ಬಂದವನೇ ಡಬ್ಬವನ್ನು ಕುರ್ಚಿಯ ಕೆಳಗೆ ತಳ್ಳಿದ. ಹೊರಗೆ ಕೂತಿದ್ದ ಅಕ್ಕ ಅವನ ಮುಖ ನೋಡಿದಳು.

"ಏನೋ? ಏನಂದ್ರು?"

"ಏನಿಲ್ಲ."

"ಏನಿಲ್ಲ ಅನ್ನೋ ಮುಖ ಅಲ್ಲ ಇದು. ಹರಳೆಣ್ಣೆ ಕುಡ್ದೋನ ಥರ ಇದೀಯ."

ಗುಬ್ಬಿ ನೆಲದ ಚೌಕಗಳ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದಳು. ಅವನು ಅವಳ ಒಂದೊಂದು ನೆಗೆತವನ್ನೂ ಎಣಿಸುತ್ತಿದ್ದ.

ಡಾಕ್ಟರು ವಯಸ್ಸಾದವರು. ಕನ್ನಡಕ ಏರಿಸಿ ರಿಪೋರ್ಟ್ ನೋಡಿದರು, ಹಳೆಯ ನಾಲ್ಕೈದನ್ನು ಪಕ್ಕಕ್ಕಿಟ್ಟು ಮತ್ತೆ ನೋಡಿದರು.

"ಎರಡೂಕಾಲು," ಎಂದರು. "ಅವಳ ವಯಸ್ಸಿಗೆ ಇರ್ಬೇಕಾದಷ್ಟೇ. ಉಬ್ಬು ಇಳಿದಿದೆ ತಾಯಿ. ಮಾತ್ರೆ ನಿಲ್ಸೋಣ. ಓಡ್ಲಿ."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನಿಗೆ ಕಿವಿಯೇ ಕೆಟ್ಟಿತೇನೋ ಅನಿಸಿತು.

"ಒಂದು ಮಾತು ಮರೀಬೇಡಿ," ಡಾಕ್ಟರು ಮುಂದುವರಿಸಿದರು. "ರಿಪೇರಿ ಆದ ಗೋಡೆ ಹೊಸ ಗೋಡೆ ಅಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ನಾನು ಹೇಳ್ದಾಗ ಬರ್ಬೇಕು. ಮಗು ಗುಂಡುಕಲ್ಲಿನ ಹಾಗಿದೆ, ಇನ್ಯಾಕೆ ಅಂತ ಬಿಟ್ಬಿಡೋರೇ ಜಾಸ್ತಿ. ಅವಳು ದೊಡ್ಡೋಳಾದ್ಮೇಲೂ ಬರ್ಬೇಕು, ತಿಳೀತಾ?"

ಹೊರಗೆ ಬಂದದ್ದೇ ಅಕ್ಕ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಅರ್ಧ ಗಂಟೆ ಜೀವ ತೆಗೆದ್ಯಲ್ಲೋ. ಯಾಕೆ ಹಂಗೆ ಮುಖ ಮಾಡ್ಕೊಂಡಿದ್ದೆ?"

ಅದನ್ನೇ ಕೇಳಲು ಅವನು ಎಕೋ ಕೋಣೆಗೆ ಹೋದ. ಅವಳು ಒಬ್ಬಳೇ ಇದ್ದಳು. ಬಲ ಭುಜವನ್ನು ಒತ್ತಿಕೊಳ್ಳುತ್ತ, ಮುಂದಿನ ಮಗುವಿಗೆ ಹಾಸಿಗೆಯ ಕಾಗದ ಬದಲಿಸುತ್ತಿದ್ದಳು.

"ಅಳತೆ ಸರಿಯಾಗಿತ್ತಲ್ಲ ಮೇಡಂ. ಮತ್ತೆ ಕಾಲು ಯಾಕೆ ತಾಳ ಹಾಕ್ಲಿಲ್ಲ?"

ಅವಳ ಕೈ ನಿಂತಿತು. "ಚೆನ್ನಾಗಿದೆ. ಹೋದ ಸಲ ಗುಟ್ಟು ಹೊರಗೆ ಹಾಕಿದ್ದು ಯಾರು? 'ಮೇಡಂ, ನಿಮ್ಮ ಬಲಗಾಲು ಕುಣಿದ ದಿನ ನಮ್ಮ ಮನೇಲಿ ಹಬ್ಬ' ಅಂತ ಹಲ್ಲು ಬಿಟ್ಕೊಂಡು ಹೇಳಿ ಹೋದ್ರಲ್ಲ."

ಹೇಳಿದ್ದು ಹೌದು. ಒಂದು ಮಾತಾಡಬೇಕೆಂದು ಆರು ತಿಂಗಳು ಕಾದು, ಕೊನೆಗೆ ಸಿಕ್ಕಿದ್ದು ಅದೊಂದೇ ಮಾತು.

"ನೀವು ಹೋದ ಮಾರನೇ ದಿನ ಒಂದು ಮಗು ಬಂತು," ಅವಳು ತಗ್ಗಿದ ದನಿಯಲ್ಲಿ ಹೇಳಿದಳು. "ಎರಡು ವರ್ಷದ್ದು. ಅಳತೆ ಚೆನ್ನಾಗಿರ್ಲಿಲ್ಲ. ಅದರ ತಾಯಿ ನೀವು ನಿಲ್ಲೋ ಜಾಗದಲ್ಲೇ ನಿಂತಿದ್ರು, ನನ್ನ ಕಾಲನ್ನೇ ನೋಡ್ತಾ. ಅವ್ರಿಗೂ ಈ ಗುಟ್ಟು ಗೊತ್ತಾಗಿದ್ರೆ? ಪಕ್ಕದಲ್ಲಿ ಕೂರಿಸ್ಕೊಂಡು, ನೀರು ಕೊಟ್ಟು, ಡಾಕ್ಟರ್ ನಿಧಾನಕ್ಕೆ ಹೇಳ್ಬೇಕಾದ ಮಾತು ಅದು. ನನ್ನ ಶೂ ಹೇಳ್ಬಾರ್ದು. ಅವತ್ತಿಂದ ಹಿಮ್ಮಡೀನ ಕಂಬಿಗೆ ಸಿಕ್ಕಿಸ್ಕೊಂಡೇ ಕೂರ್ತೀನಿ."

ಅವನು ಕೆಳಗೆ ನೋಡಿದ. ತುದಿಯ ಸವೆತ ಹಳೆಯದಾಗಿತ್ತು. ಈಗ ಹಿಮ್ಮಡಿಯ ಮೇಲೆ, ಕಂಬಿ ಒತ್ತುವಲ್ಲಿ, ಬಟ್ಟೆ ಹರಿದು ದಾರ ಎದ್ದಿತ್ತು. ಒಳಗಿನ ಚರ್ಮ ಕೆಂಪಗಿತ್ತು.

ಆರು ತಿಂಗಳು. ದಿನಕ್ಕೆ ಹತ್ತೋ ಹನ್ನೆರಡೋ ಮಕ್ಕಳು. ತನ್ನ ಖುಷಿಯನ್ನೇ ಕಟ್ಟಿಹಾಕಿಕೊಂಡು ಕೂತವಳು, ತನಗೆ ಹೆಸರೂ ಗೊತ್ತಿಲ್ಲದ ತಾಯಂದಿರಿಗಾಗಿ. ಚೆಂದದ ಪಾದಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಇಷ್ಟು ದೊಡ್ಡ ಪಾದವನ್ನು ಕಂಡಿರಲಿಲ್ಲ.

ಅವನು ಜೇಬಿನಿಂದ ಟೇಪು ತೆಗೆದ. "ಅಳತೆ ತಗೋಬಹುದಾ?"

"ಯಾವುದರದ್ದು?"

"ಪಾದದ್ದು ಮೇಡಂ. ಹಿಮ್ಮಡಿಗೆ ಮೆತ್ತೆ ಇಟ್ಟು ಹೊಲಿದ್ರೆ ಕಂಬಿ ಒತ್ತಲ್ಲ."

ಅವಳು ತುಟಿ ಕಚ್ಚಿ ನಗು ತಡೆದಳು. "ಮಿಲಿಮೀಟರಲ್ಲಿ ತಗೊಳ್ಳಿ. ಇಂಚು ಅಂದ್ರೆ ನಂಗೆ ನಂಬಿಕೆ ಇಲ್ಲ."

ಅವನು ಮಂಡಿಯೂರಿದ. ಸಾವಿರಾರು ಪಾದ ಅಳೆದವನ ಟೇಪು ಅಂದು ಎರಡು ಸಲ ಜಾರಿ ಬಿತ್ತು. ಮೇಲಿನಿಂದ ಮೆಲ್ಲನೆಯ ದನಿ ಬಂತು: "ಅಲುಗಾಡ್ಬೇಡಿ. ಬೇಕಾದ್ರೆ ಕಥೆ ಹೇಳ್ಲಾ?"

*

ಓಟದ ದಿನ ಮೈದಾನದ ಬೆಂಚಿನ ಮೇಲೆ ಅವನ ಪಕ್ಕ ಎಕೋ ಮೇಡಂ ಕೂತಿದ್ದಳು. ಹೊಸ ಶೂ ಹಾಕಿಕೊಂಡು ಬಂದಿದ್ದಳು. ಗುಬ್ಬಿಯೇ ಕರೆದದ್ದು, ಕರೆಯಲು ಹೇಳಿಕೊಟ್ಟದ್ದು ಯಾರೆಂದು ಯಾರೂ ಕೇಳಲಿಲ್ಲ.

ಗುಬ್ಬಿ ಎಂಟು ಜನರಲ್ಲಿ ಆರನೆಯವಳಾಗಿ ಬಂದಳು. ಕೆಂಪು ಶೂ ತುಂಬ ಧೂಳು. ಅವರ ಮುಂದೆ ನಿಂತು, ಎಕೋ ಅಕ್ಕನ ಕೈಯನ್ನೇ ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. "ನೋಡಿ ಎಷ್ಟು ಜೋರಾಗಿ ಹೊಡ್ಕೋತಿದೆ."

"ಓಡಿದ ಹೃದಯ ಹಾಗೇ ಹೊಡ್ಕೋಬೇಕು," ಎಂದಳು ಅವಳು.

"ರಾಜನ ಕಥೆ ಮುಗೀತಾ ಹಂಗಾದ್ರೆ?"

"ಎಲ್ಲಿ ಮುಗೀತು. ಬಳ್ಳಿ ಸರಿಹೋಯ್ತು, ಆದ್ರೂ ರಾಜ ಬರ್ತಾನೇ ಇರ್ಬೇಕು. ನೀನೂ ಅಷ್ಟೇ."

ಗುಬ್ಬಿ ನೀರು ಕುಡಿಯಲು ಅಮ್ಮನ ಕಡೆ ಓಡಿದಳು. ಓಡಿಯೇ ಹೋದಳು. ಇಬ್ಬರೂ ಅವಳ ಕಾಲುಗಳನ್ನೇ ನೋಡುತ್ತ ಕೂತರು.

"ರಾಜ ಬರೀ ಬಳ್ಳಿ ನೋಡೋಕೆ ಬರ್ತಿರ್ಲಿಲ್ಲ," ಅವನು ನೆಲ ನೋಡುತ್ತ ಹೇಳಿದ. "ಮಾಲಿ ಅಜ್ಜಿಗೆ ಒಬ್ಳು ಮೊಮ್ಮಗಳಿದ್ಲಂತೆ. ನಾಲ್ಕು ವರ್ಷದಿಂದ ಅವಳನ್ನ ಒಂದು ಮಾತು ಕೇಳ್ಬೇಕು ಅಂತಾನೇ ಇದ್ದ. ನನ್ನ ಜೊತೆ ಬಾಳ್ತೀಯಾ, ಅಂತ."

ಅವನು ಓರೆಗಣ್ಣಲ್ಲಿ ನೋಡಿದ. ಅದೇ ಎಕೋ ಕೋಣೆಯ ಮುಖ; ಒಂದು ಗೆರೆಯೂ ಅಲುಗದ್ದು.

"ಯೋಚ್ನೆ ಮಾಡಿ ಹೇಳ್ತೀನಿ," ಎಂದಳು.

ಅವನು ತಲೆ ತಗ್ಗಿಸಿದ. ತಗ್ಗಿಸಿದಲ್ಲಿಯೇ ಕಂಡಿತು. ಬೆಂಚಿನ ಕೆಳಗಿನ ಕಂಬಿಯ ಮೇಲೆ, ಅವನೇ ಹೊಲಿದ ಹೊಸ ಶೂವಿನೊಳಗೆ, ಅವಳ ಬಲಗಾಲು.

ಟಕ್ ಟಕ್ ಟಕ್.