ಗುರುತಿಲ್ಲದ ಗೋಪುರ

ಕತೆಗಳಿಗಿನ್ನೂ ವಯಸ್ಸಾಗದಿದ್ದ ಕಾಲ. ಏಳು ಕಡಲಾಚೆ, ಮಂಜು ಹೊದ್ದ ಒಂದು ರಾಜ್ಯ. ಅಲ್ಲಿನ ಹಸಿರು ದಿಣ್ಣೆಯ ಮೇಲೆ ಜೇನುಬಣ್ಣದ ಕಲ್ಲಿನ ಮಹಲೊಂದಿತ್ತು. ಎಡಕ್ಕೆ ಹನ್ನೆರಡು ಕಿಟಕಿ, ಬಲಕ್ಕೆ ಹನ್ನೆರಡು. ಗೋಡೆಗಿಂತ ಗಾಜೇ ಹೆಚ್ಚು. ಮಾಡಿನ ಮೇಲೆ ತಿರುಚಿದ ಇಟ್ಟಿಗೆಯ ಹೊಗೆಗೂಡುಗಳ ಸಾಲು. ಬೆಳಗಿನ ಬಿಸಿಲು ಬಿದ್ದರೆ ಇಡೀ ಮನೆ ಆಗಷ್ಟೇ ಮಿಂದು ಬಂದ ಹಾಗೆ ಹೊಳೆಯುತ್ತಿತ್ತು.

ರಾಜನ ಮನೆಯವರನ್ನು ಓಡಿಸಿ ಮಾಯಾವಿ ಗೂಢಕೇತು ಆ ಮಹಲನ್ನು ಹಿಡಿದಿದ್ದ. ಅವನ ಪರೀಕ್ಷೆಯಲ್ಲಿ ಸೋತ ನಲವತ್ತು ಕಲ್ಲುಕುಟಿಗರು ಕಲ್ಲಾಗಿ ಮಾಡಿನಂಚಿನಲ್ಲಿ ನಿಂತಿದ್ದರು. ನಲವತ್ತನೆಯವನು ಬೊಮ್ಮಯ್ಯ. ಅವನಿಂದಲೇ ಉಳಿ ಹಿಡಿಯಲು ಕಲಿತ ಮಗಳು ದೇವೀರಿ, ಅಪ್ಪನನ್ನು ಬಿಡಿಸಲು ಹೊರಟಳು.

ಬಾಗಿಲ ಕಲ್ಲುಸಿಂಹ ಆಕಳಿಸಿತು. "ನೀನೂ ಬಂದ್ಯೇನವ್ವಾ? ಮೇಲೆ ಜಾಗ ಇಲ್ಲ. ಈಗಲೇ ಒತ್ತೊತ್ತಾಗಿ ನಿಂತವ್ರೆ."

"ಖಾಲಿ ಮಾಡಿಸೋಕೇ ಬಂದಿದ್ದೀನಿ. ಅದಿರಲಿ, ನಿನ್ನ ಕೇಸರ ಕೆತ್ತಿದ್ದು ಯಾರಪ್ಪಾ? ಒಂದೊಂದು ಕೂದಲೂ ಬೇರೆ ಬೇರೆ!"

ದೇವೀರಿ ಬಗ್ಗಿ ನೋಡಿದಳು. ಪ್ರತಿ ಕುಟಿಗನೂ ತನ್ನ ಕಲ್ಲಿನ ಮೂಲೆಯಲ್ಲಿ ತನ್ನದೊಂದು ಗುರುತು ಕೆತ್ತುತ್ತಾನೆ. ಸಿಂಹದ ಪಾದದಲ್ಲಿ ಪುಟ್ಟ ಮೀನಿತ್ತು.

ಸಿಂಹಕ್ಕೆ ನಾಚಿಕೆಯಾಯಿತು. "ನೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಕಣವ್ವಾ. ಹುಷಾರು, ಎಲ್ಲರೂ ಸೋತದ್ದು ಮೂರನೇ ಪರೀಕ್ಷೆಯಲ್ಲೇ," ಎಂದು ದಾರಿ ಬಿಟ್ಟಿತು.

ಗೂಢಕೇತು ಮಾತು ಬೆಳೆಸಲಿಲ್ಲ. "ಮೂರು ಜಾಗ ತೋರಿಸ್ತೀನಿ. ಕೆಲಸ ಸರಿಯೋ ತಪ್ಪೋ ಹೇಳು. ಮೂರೂ ನಿಜವಾದರೆ ಮಹಲು ನಿನ್ನ ಮಾತು ಕೇಳುತ್ತೆ. ಒಂದು ಸುಳ್ಳಾದರೂ ನೀನು ಕಲ್ಲು."

ಮೊದಲನೆಯದು ಕರಿಮರದ ಮೆಟ್ಟಿಲಸಾಲು. ಒಂದೊಂದೂ ನಾಲ್ಕೇ ಬೆರಳೆತ್ತರ. "ಮಕ್ಕಳಾಟ, ತಪ್ಪಲ್ವಾ?" ಎಂದ ಮಾಯಾವಿ.

ದೇವೀರಿ ಹತ್ತಿದಳು, ಇಳಿದಳು, ಆಸೆ ತೀರದೆ ಮತ್ತೆ ಹತ್ತಿದಳು. "ಸರಿ. ಪಕ್ಕದ ಕಟಾಂಜನ ಎಷ್ಟು ಸವೆದಿದೆ ನೋಡು. ಮಂಡಿನೋವಿನ ರಾಣಿಯಮ್ಮ ಊರಿಕೊಂಡು ಹತ್ತಿದ್ದಾಳೆ. ಅವಳ ಕಾಲು ನೋಡಿ ಕಟ್ಟಿದ್ದಾನೆ, ಪುಣ್ಯಾತ್ಮ. ನಮ್ಮಜ್ಜಿಗೂ ಇಂಥವನು ಸಿಕ್ಕಿದ್ದರೆ!" ಮೆಟ್ಟಿಲು ಸಂತೋಷದಿಂದ ಕಿರುಗುಟ್ಟಿತು.

ಎರಡನೆಯದು ಬಲಗಡೆಯ ಹನ್ನೆರಡನೇ ಕಿಟಕಿ. ಅದು ಕಿಟಕಿಯೇ ಅಲ್ಲ, ಗೋಡೆಗೆ ಬಳಿದ ಚಿತ್ರ. "ಮೋಸ, ತಪ್ಪಲ್ವಾ?"

ದೇವೀರಿ ಅಂಗೈ ಇಟ್ಟಳು. ಗೋಡೆ ಬೆಚ್ಚಗಿತ್ತು. "ಸರಿ. ಹಿಂದೆ ಅಡುಗೆಮನೆಯ ಹೊಗೆ ಏರೋ ದಾರಿ. ಕಿಟಕಿ ಇಟ್ಟರೆ ರಾಣಿಗೆ ಕೆಮ್ಮು, ಬಿಟ್ಟರೆ ಮನೆಯ ಮುಖಕ್ಕೆ ಒಂದು ಕಣ್ಣು ಕಮ್ಮಿ. ಎಂಥ ಜಾಣ!" ಗೋಡೆ ಇನ್ನಷ್ಟು ಬೆಚ್ಚಗಾಯಿತು.

ಮೂರನೆಯದು ಹಿತ್ತಿಲ ಬೂದು ಗೋಪುರ. ದೇವೀರಿ ಮೇಲೇರಿ, ದಾರಕ್ಕೆ ಕಟ್ಟಿದ ಸೀಸದ ಗುಂಡನ್ನು ಇಳಿಬಿಟ್ಟಳು. ತುದಿಯಲ್ಲಿ ಗೋಡೆಗೆ ತಾಗಿದ ದಾರ ಬುಡದಲ್ಲಿ ಒಂದು ಮೊಳ ದೂರ ನಿಂತಿತು. ಗೋಪುರ ವಾಲಿತ್ತು. ತಪ್ಪೇ! ಆದರೆ ಕೆಳಗಿಳಿದು ಬಂದರೂ ನಾಲಗೆ ಏಳಲಿಲ್ಲ. ಇನ್ನೊಬ್ಬ ಕುಟಿಗನ ಕೆಲಸವನ್ನು ಯಜಮಾನನೆದುರು ಹಳಿಯಬಾರದೆಂಬುದು ಅವರ ಕಟ್ಟಳೆ. ನಲವತ್ತು ಮಂದಿಯೂ ಗುಂಡು ಇಳಿಬಿಟ್ಟವರೇ. ಮರ್ಯಾದೆಗೆ 'ಸರಿ' ಎಂದು ಕಲ್ಲಾದವರೇ.

"ಯಾರೋ ಬಡಪಾಯಿ ಕಟ್ಟಿದ್ದು. ಹೇಳು ತಾಯಿ," ಎಂದು ಗೂಢಕೇತು ಹಲ್ಲುಕಿರಿದ.

ಆ ಬಡಪಾಯಿ ಯಾರೆಂದಾದರೂ ತಿಳಿಯೋಣವೆಂದು ದೇವೀರಿ ಬುಡದ ಕಲ್ಲುಗಳನ್ನು ಸವರಿದಳು. ಮೀನಿಲ್ಲ, ಎಲೆಯಿಲ್ಲ, ಒಂದು ಗೀರೂ ಇಲ್ಲ. "ಇದಕ್ಕೆ ಉಳಿಯೇ ತಾಗಿಲ್ಲವಲ್ಲ!"

"ಉಳಿ ಯಾಕೆ? ನಾನೇ ಎಬ್ಬಿಸಿದ್ದು, ಒಂದೇ ಮಂತ್ರಕ್ಕೆ!" ಜಂಬ ತಡೆಯದೆ ಬಾಯಿಬಿಟ್ಟ ಮಾಯಾವಿ. "ಚೆನ್ನಾಗಿಲ್ವಾ?"

"ಹಾಗಾದರೆ ಕಟ್ಟಳೆ ಇದಕ್ಕಿಲ್ಲ. ತಪ್ಪು! ಬುಡದಿಂದ ತುದಿಯವರೆಗೂ ತಪ್ಪು!"

ನೊಣ ಓಡಿಸುವ ಎಮ್ಮೆಯಂತೆ ಮಹಲು ಒಮ್ಮೆ ಮೈ ಕೊಡವಿತು. ಗೋಪುರವೂ ಗೂಢಕೇತುವೂ ಬೂದಿಯಾಗಿ ಹಾರಿಹೋದರು. ಮಾಡಿನ ಮೇಲೆ ನಲವತ್ತು ಸೀನು ಕೇಳಿದವು.

ಇಳಿದು ಬಂದ ಬೊಮ್ಮಯ್ಯ ಮಗಳ ಕೈ ನೋಡಿದ. "ದಾರ ಮತ್ತೆ ಗಂಟು ಹಾಕಿಟ್ಟಿದ್ದೀಯಲ್ಲೇ," ಎಂದು ಅಲ್ಲೇ ಕೂತು ಗಂಟು ಬಿಡಿಸತೊಡಗಿದ.

ರಾಜನ ಮನೆಯವರು ಮರಳಿದರು, ಎಲ್ಲರೂ ಸುಖವಾಗಿದ್ದರು. ಗೋಪುರವಿದ್ದ ಜಾಗದಲ್ಲಿ ದೇವೀರಿ, ಬಿಸಿಲಿಗೆ ಕೂರಲು ಒಂದು ಕಲ್ಲುಬೆಂಚು ಕಟ್ಟಿ ಮೂಲೆಯಲ್ಲಿ ತನ್ನ ಗುರುತು ಕೆತ್ತಿದಳು. ಬೊಮ್ಮಯ್ಯ ಗುಂಡು ಹಿಡಿದು ನಾಲ್ಕೂ ಕಡೆ ನೋಡಿದ, ಐದನೇ ಸಲವೂ ನೋಡಿದ.

"ಸರಿ," ಎಂದ. ಈ ಸಲ ಮರ್ಯಾದೆಗಲ್ಲ.