ಬಲಕ್ಕೆ ಸುತ್ತುತ್ತಿದ್ದ ಕುರಿ

ನನ್ನ ಗಂಡ ತುಮೆನ್ ತೀರಿಕೊಂಡ ಮೇಲೆ, ನಮ್ಮ ಮಂಗೋಲ್ ಕುರುಬರ ಪದ್ಧತಿಯಂತೆ ಡೇರೆ ಕಿತ್ತು ಬೇರೆ ಕಡೆ ಹಾಕಿದೆವು. ಹಳೆಯ ಜಾಗದಲ್ಲಿ ಹುಲ್ಲಿಲ್ಲದ ದುಂಡು ಗುರುತು ಉಳಿದಿತ್ತು. ಎರಡು ವಾರದ ನಂತರ ಒಂದು ಕುರಿ ಆ ಗುರುತಿನ ಮೇಲೆಯೇ ಬಲಕ್ಕೆ ಸುತ್ತತೊಡಗಿತು. ಡೇರೆಯೊಳಗೆ ನಾವು ನಡೆಯುವುದೂ ಬಲಕ್ಕೇ. ಎಳೆದು ತಂದರೂ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಸುತ್ತಲಿನ ನೆಲವೆಲ್ಲ ಹೆಪ್ಪುಗಟ್ಟಿತ್ತು. ಅದು ತುಳಿದ ಮಣ್ಣು ಮಾತ್ರ ಕೈಗೆ ಬೆಚ್ಚಗಿತ್ತು.

"ಅವನೇ ಬಂದಿದಾನೆ, ಮಗೂನ ಕರ್ಕೊಂಡು ಹೋಗೋಕೆ," ಎಂದರು ಅತ್ತೆ. "ಈ ವಾರಾನೇ ಅವಳನ್ನ ನನ್ನ ತಂಗಿ ಮನೆಗೆ ಕಳಿಸಿಬಿಡ್ತೀನಿ."

ನನಗೆ ಉಳಿದಿದ್ದವಳು ಆ ಮಗಳೊಬ್ಬಳೇ. ನಾನು ಓದಿದ್ದು ಪ್ರಾಣಿಶಾಸ್ತ್ರ; ಅತ್ತೆಯ ಮಾತನ್ನು ನಂಬಲಿಲ್ಲ. ಪಕ್ಕದ ಬಿಡಾರದಿಂದ, ಕುರಿಗಳಿಗೆ ಮದ್ದು ಮಾಡುವ ಚೊಯ್ಜಿಲಜ್ಜನನ್ನು ಕರೆತಂದೆ.

"ದೆವ್ವ ಅಲ್ಲ ಕಣೇ ದುಲ್ಮಾ, ಮಿದುಳಲ್ಲಿ ಹುಳದ ಗುಳ್ಳೆ," ಎಂದ ಅಜ್ಜ, ಅತ್ತೆಗೆ. "ಕುರಿ ತಲೆನ ಬೇಯಿಸದೆ ಹಸಿಯಾಗೇ ನಾಯಿಗೆ ಎಸೀಬೇಡ ಅಂತ ಎಷ್ಟು ವರ್ಷದಿಂದ ಹೇಳ್ತಿದೀನಿ? ಹುಳ ನಾಯಿ ಹೊಟ್ಟೆಯಿಂದ ಹುಲ್ಲಿಗೆ, ಹುಲ್ಲಿಂದ ಕುರಿ ತಲೆಗೆ. ಗುಳ್ಳೆ ಯಾವ ಕಡೆ ಇರತ್ತೋ ಆ ಕಡೆಗೇ ಸುತ್ತಿಸತ್ತೆ."

"ಹರೆಯದಲ್ಲಿ ನೀನೂ ನನ್ನ ಸುತ್ತ ಸುತ್ತಿದ್ಯಲ್ಲ, ಆಗ ನಿನ್ ತಲೇಲಿ ಏನಿತ್ತು?" ಎಂದು ಅತ್ತೆ ಮಗುವನ್ನು ಕರೆದುಕೊಂಡು ಒಳಗೆ ಹೋದರು.

ಅಜ್ಜ ಕುರಿಯ ಬುರುಡೆಯನ್ನು ಒತ್ತಿ ನೋಡಿ, ಮೆತ್ತಗಿದ್ದ ಕಡೆ ಕೊರೆದು, ನೀರು ತುಂಬಿದ ಗುಳ್ಳೆಯನ್ನು ಹೊರಗೆಳೆದ. ಮೂರನೆಯ ದಿನ ಕುರಿ ನೆಟ್ಟಗೆ ನಡೆದು ಮಂದೆ ಸೇರಿತು. ಅತ್ತೆ ಕಟ್ಟಿಟ್ಟಿದ್ದ ಮಗಳ ಬಟ್ಟೆಗಂಟನ್ನು ಬಿಚ್ಚಿದರು. ತುಮೆನ್ ಹೋದ ಮೇಲೆ ಅಂದೇ ಮೊದಲು ನನಗೆ ಗಾಢ ನಿದ್ದೆ ಬಂದದ್ದು.

ಗುಳ್ಳೆ ಸಿಕ್ಕಿದ್ದು ಎಡಗಡೆ. ಅದನ್ನು ಅತ್ತೆಗೆ ಅಜ್ಜನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.